ಹೆಣ್ಮಕ್ಳ ಓದು, ಸ್ತ್ರೀವಾದ, ನಮ್ಮ ಸಮಾಜ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹುಡ್ಗೀರೇ ಈಗ ಎಲ್ಲಾದ್ರಲ್ಲೂ ಮುಂದೆ ಇದಾರೆ, ಇನ್ನೂ ಯಾತಕ್ಕೆ ಈ ಸ್ತ್ರೀವಾದ ಗೀವಾದ?

ಮುಂದೆ ಇದಾರೆ, ಅದನ್ನ ಯಾರೂ ಅಲ್ಲ ಅಂತಿಲ್ಲ. 2024ರ ಎಸ್‌ಎಸ್‌ಎಲ್‌ಸಿ ರಿಸಲ್ಟ್ ತಗೊಳ್ಳಿ, ನಮ್ಮ ರಾಜ್ಯದಲ್ಲಿ ಹುಡ್ಗೀರು ಶೇ. 81.11 ಪಾಸು, ಹುಡುಗ್ರು ಶೇ. 65.90. ಕಾಲೇಜು ಸೇರೋ ವಿಷಯದಲ್ಲೂ 2021-22ರ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಹೆಣ್ಮಕ್ಳ ಪ್ರಮಾಣ ಶೇ. 28.5, ಗಂಡು ಮಕ್ಳದ್ದು ಶೇ. 28.3, ಅಂದ್ರೆ ಕೂದಲೆಳೆಯಷ್ಟು ಮುಂದೆನೇ. 1951ರಲ್ಲಿ ದೇಶದಲ್ಲಿ ನೂರು ಹೆಂಗಸರಲ್ಲಿ ಒಂಬತ್ತು ಜನಕ್ಕೂ ಓದಕ್ಕೆ ಬರ್ತಿರ್ಲಿಲ್ಲ ಅನ್ನೋದನ್ನ ನೆನಪು ಮಾಡ್ಕೊಂಡ್ರೆ ಇದೇನು ಸಣ್ಣ ದೂರ ಅಲ್ಲ.

ಈಗ ಇನ್ನೊಂದು ಲೆಕ್ಕ ನೋಡಿ. 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡೀತಿರೋರು ಅಥ್ವಾ ಕೆಲಸ ಹುಡುಕ್ತಿರೋರು 2017-18ರಲ್ಲಿ ಶೇ. 23.3 ಇದ್ರು, 2023-24ಕ್ಕೆ 41.7 ಆಗಿದೆ, ಖುಷಿ ಪಡೋ ವಿಷಯನೇ, ಆದ್ರೆ ಗಂಡಸರದ್ದು 78 ದಾಟಿದೆ, ಮತ್ತೆ ಆ 41.7ರಲ್ಲೂ ತುಂಬಾ ಜನ ಸ್ವಂತ ಹೊಲದಲ್ಲಿ, ಗಂಡನ ಅಂಗಡಿಲಿ ಕೈಗೆ ಒಂದು ರೂಪಾಯಿ ಸಂಬಳ ಇಲ್ದೆ ದುಡಿಯೋರು. ಹಾಗಾದ್ರೆ ಅಷ್ಟೊಂದು ಜನ ಪಾಸಾದ ಹುಡ್ಗೀರು ಎಲ್ಲಿಗೆ ಹೋದ್ರು?

ನನ್ನ ಪ್ರಕಾರ ಇಲ್ಲಿರೋ ವಿಷಯ ಒಂದೇ, ಹೆಣ್ಮಕ್ಳ ಓದು ಇವತ್ತಿಗೂ ಪರ್ಮಿಷನ್ ಮೇಲೆ ನಡೀತಿದೆ. ಎಲ್ಲಿವರೆಗೆ ಓದ್ಬೇಕು, ಯಾವ ಊರಲ್ಲಿ ಓದ್ಬೇಕು, ಯಾವ ಸಬ್ಜೆಕ್ಟು, ಸಂಜೆ ಎಷ್ಟೊತ್ತಿಗೆ ಮನೇಲಿರ್ಬೇಕು, ಓದಿ ಆದ್ಮೇಲೆ ಕೆಲಸಕ್ಕೆ ಹೋಗ್ಬೋದಾ, ಇಷ್ಟೂ ಬೇರೆಯವ್ರ ಬಾಯಿಂದ "ಹೂಂ" ಬಂದ್ಮೇಲೇನೇ. ಕೊಟ್ಟಿದ್ದನ್ನ ಯಾವಾಗ್ ಬೇಕಾದ್ರೂ ವಾಪಸ್ ತಗೋಬೋದು. ಇನ್ನು ಮುಂದಿನ ಉತ್ತರಗಳಲ್ಲಿ ಬಹಳಷ್ಟು ಇಲ್ಲಿಗೇ ಬಂದು ನಿಲ್ಲತ್ತೆ, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಸ್ತ್ರೀವಾದ ಅಂದ್ರೆ ಗಂಡಸರನ್ನ ಕಂಡ್ರೆ ಆಗದೇ ಇರೋದಾ?

ಅಲ್ಲ.

ಪ್ರಶ್ನೆ: ಸರಿ, ಹಾಗಾದ್ರೆ ಸ್ತ್ರೀವಾದಿಗಳೆಲ್ಲ ಓದಿನ ಬಗ್ಗೆ ಒಂದೇ ಮಾತು ಹೇಳ್ತಾರಾ?

ಎಲ್ಲಿ, ಅವರವರಲ್ಲೇ ಜೋರು ಜಗಳ ಇದೆ, ಅದೇ ಚೆಂದ. ಕೆಲವ್ರು ಹೇಳೋದು ಬಾಗಿಲು ತೆಗೀರಿ, ಸೀಟು ಕೊಡಿ, ಕಾನೂನು ಸಮ ಮಾಡಿ, ಉಳಿದದ್ದು ತಾನಾಗೇ ಆಗತ್ತೆ ಅಂತ, ಇವ್ರನ್ನ ಉದಾರವಾದಿ ಸ್ತ್ರೀವಾದಿಗಳು ಅಂತಾರೆ. ಮಾರ್ಕ್ಸ್‌ವಾದದ ಕಡೆಯಿಂದ ಬಂದವ್ರು, ತಾನಾಗೇ ಏನೂ ಆಗಲ್ಲ, ಮನೆಕೆಲಸಕ್ಕೆ ಬೆಲೆ ಇಲ್ಲದ ವ್ಯವಸ್ಥೆಲಿ ಸ್ಕೂಲು ಕೂಡ ಕಮ್ಮಿ ಸಂಬಳದ, ಬಾಯಿ ಮುಚ್ಕೊಂಡು ದುಡಿಯೋ ಕೆಲಸಗಾರರನ್ನೇ ತಯಾರು ಮಾಡತ್ತೆ ಅಂತಾರೆ. ಇನ್ನು ಕೆಲವ್ರು ತರಗತಿ ಒಳಗಡೆ ಏನು ನಡಿಯತ್ತೆ ಅಂತ ನೋಡ್ತಾರೆ, ಟೀಚರ್ ಯಾರನ್ನ ಪ್ರಶ್ನೆ ಕೇಳ್ತಾರೆ, ಕಸ ಗುಡ್ಸೋಕೆ ಯಾರನ್ನ ಕರೀತಾರೆ, ಹುಡುಗ ಹುಡ್ಗೀನ ರೇಗಿಸಿದ್ರೆ "ಅವ್ನು ಹುಡುಗ, ಬಿಡಮ್ಮ" ಅಂತ ಹೇಳೋರು ಯಾರು, ಇದೆಲ್ಲ.

ದಲಿತ ಸ್ತ್ರೀವಾದ ಎತ್ತೋ ಪ್ರಶ್ನೆ ಮಾತ್ರ ಇವರೆಲ್ಲರಿಗೂ ಚುಚ್ಚತ್ತೆ. ನೀವು "ಹೆಣ್ಮಕ್ಳು" ಅಂದಾಗ ಯಾವ ಹೆಣ್ಮಕ್ಳು? ಊರೊಳಗಿನ ಹುಡ್ಗೀಗೆ ಅಪ್ಪ ಬೇಡ ಅಂದಿದ್ದಕ್ಕೆ ಸ್ಕೂಲು ತಪ್ಪಿರ್ಬೋದು, ಕೇರಿ ಹುಡ್ಗೀಗೆ ಅಪ್ಪ ಹೋಗು ಅಂದ್ರೂ ಸ್ಕೂಲಲ್ಲಿ ಜಾಗ ಇರ್ಲಿಲ್ಲ. ನನಗೆ ಇದರಷ್ಟು ನೇರವಾದ ಪ್ರಶ್ನೆ ಬೇರೆ ಯಾರೂ ಕೇಳಿಲ್ಲ ಅನ್ಸತ್ತೆ.

ಪ್ರಶ್ನೆ: ಇದೆಲ್ಲ ಫಾರಿನ್ನಿಂದ ಬಂದ ವಿಚಾರ ಅಲ್ವಾ? ನಮ್ಮ ಸಂಸ್ಕೃತಿಲಿ ಇದೆಲ್ಲ ಎಲ್ಲಿತ್ತು?

ಈ ಪ್ರಶ್ನೆ ಬಂದಾಗೆಲ್ಲ ನಾನು ಪುಣೆಗೆ ಕರ್ಕೊಂಡ್ ಹೋಗ್ತೀನಿ. 1848ರಲ್ಲಿ ಜೋತಿರಾವ್ ಫುಲೆ, ಸಾವಿತ್ರಿಬಾಯಿ ಫುಲೆ ಅಲ್ಲಿ ಹುಡ್ಗೀರ ಸ್ಕೂಲು ಶುರು ಮಾಡಿದ್ರು. ಆಗ ಸಾವಿತ್ರಿಬಾಯಿಗೆ 17 ವರ್ಷ. ಪಾಠ ಹೇಳೋಕೆ ಹೋಗ್ತಿದ್ರೆ ದಾರಿಲಿ ಸಗಣಿ, ಮಣ್ಣು ಎಸೀತಿದ್ರು, ಅದಕ್ಕೆ ಇನ್ನೊಂದು ಸೀರೆ ಜೊತೆಗಿಟ್ಕೊಂಡು ಹೋಗ್ತಿದ್ರಂತೆ. ಎಸೆದವ್ರು ಯಾವ ಫಾರಿನ್ನವರೂ ಅಲ್ಲ. ಫುಲೆ ದಂಪತಿಯ ಸ್ಕೂಲಲ್ಲಿ ಕಲಿತ ಮುಕ್ತಾ ಸಾಳ್ವೆ, ಮಾಂಗ್ ಅನ್ನೋ ದಲಿತ ಜಾತಿಯ ಹುಡುಗಿ, 1855ರಲ್ಲಿ, ಇನ್ನೂ 14 ವರ್ಷದ ಮಗು, ತನ್ನ ಜನರ ಕಷ್ಟದ ಬಗ್ಗೆ ಬರೆದ ಪ್ರಬಂಧ ಪತ್ರಿಕೆಲಿ ಅಚ್ಚಾಯ್ತು. ವೇದ ಓದೋ ಹಕ್ಕೇ ನಮಗಿಲ್ಲ ಅಂದ್ರೆ ನಮ್ಮ ಧರ್ಮ ಯಾವ್ದು ಅಂತ ಕೇಳಿದಾಳೆ ಆ ಮಗು. 1882ರಲ್ಲಿ ತಾರಾಬಾಯಿ ಶಿಂಧೆ ಹೆಣ್ಣು ಗಂಡಿನ ನಡತೆನ ಅಕ್ಕಪಕ್ಕ ಇಟ್ಟು ಮರಾಠಿಲಿ ಬೈದಿದ್ದನ್ನ ಇವತ್ತು ಯಾರಾದ್ರೂ ಹಾಗೇ ಪೋಸ್ಟ್ ಮಾಡಿದ್ರೆ ಟ್ರೋಲ್ ಆಗೋದು ಗ್ಯಾರಂಟಿ.

ಇನ್ನೂ ಹತ್ತಿರದ್ದು ಬೇಕಾ, ಪಂಡಿತಾ ರಮಾಬಾಯಿ. ಅವರಪ್ಪ ಅನಂತಶಾಸ್ತ್ರಿ ಡೋಂಗ್ರೆ ನಮ್ಮ ಕಾರ್ಕಳ ಕಡೆ ಮಾಳದವರು. ಹೆಂಡ್ತಿಗೆ ಸಂಸ್ಕೃತ ಕಲಿಸಿದ್ರು ಅನ್ನೋ ಕಾರಣಕ್ಕೆ ಪಂಡಿತರ ಮುಂದೆ ನಿಂತು ಉತ್ತರ ಕೊಡ್ಬೇಕಾಯ್ತು, ಆಮೇಲೆ ಘಟ್ಟದ ಮೇಲೆ ಗಂಗಾಮೂಲದ ಕಾಡಲ್ಲಿ ಸಂಸಾರ. ರಮಾಬಾಯಿ ಹುಟ್ಟಿದ್ದು ಅಲ್ಲೇ, 1858ರಲ್ಲಿ. ಅಮ್ಮನ ಬಾಯಿಂದ ಸಂಸ್ಕೃತ ಕಲಿತ ಆ ಹುಡುಗಿ 1882ರಲ್ಲಿ ಶಿಕ್ಷಣದ ವಿಚಾರಣೆಗೆ ಬ್ರಿಟಿಷ್ ಸರ್ಕಾರ ಮಾಡಿದ್ದ ಹಂಟರ್ ಆಯೋಗದ ಮುಂದೆ, ಈ ದೇಶದ ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಹೆಣ್ಣಿನ ಓದಿಗೆ ವಿರುದ್ಧ ಇದಾರೆ ಅಂದ್ರು. ಗಮನಿಸಿ, ಓದಿದ ಗಂಡಸರು ಅಂತ! ಓದು ಒಂದೇ ಮನುಷ್ಯನನ್ನ ಸರಿ ಮಾಡಲ್ಲ ಅನ್ನೋದು ಅವ್ರಿಗೆ ಆಗ್ಲೇ ಗೊತ್ತಿತ್ತು.

ಮೈಸೂರಲ್ಲಿ ಮಹಾರಾಣಿ ಸ್ಕೂಲು ಶುರುವಾಗಿದ್ದು 1881ರಲ್ಲಿ, ಅಂಬಳೆ ನರಸಿಂಹ ಅಯ್ಯಂಗಾರರ ಪ್ರಯತ್ನದಿಂದ, ಮುಂದೆ ಅದೇ ಕಾಲೇಜಾಯ್ತು. ನಂಜನಗೂಡು ತಿರುಮಲಾಂಬ ಅವ್ರದ್ದು ಇನ್ನೊಂದು ಥರ. ಬಾಲ್ಯದಲ್ಲೇ ವಿಧವೆ, ಮನೇಲೇ ಓದಿದ್ದು, ಆಮೇಲೆ ಸ್ವಂತ ಪ್ರಕಾಶನ, ಸ್ವಂತ ಪತ್ರಿಕೆ. ಕನ್ನಡದಲ್ಲಿ ಹೆಣ್ಮಕ್ಳು ಬರ್ದು, ತಾವೇ ಅಚ್ಚು ಹಾಕ್ಸಿ, ತಾವೇ ಮಾರೋದು ನೂರು ವರ್ಷಕ್ಕೂ ಹಿಂದಿನ ಮಾತು.

ಪ್ರಶ್ನೆ: "ಹೆಣ್ಣೊಂದು ಕಲಿತರೆ ಶಾಲೆಯೊಂದು ತೆರೆದಂತೆ", ಎಷ್ಟು ಒಳ್ಳೆ ಮಾತು. ಅದ್ರಲ್ಲೂ ತಪ್ಪು ಹುಡುಕ್ತೀರಲ್ಲ?

ಸರ್ಕಾರಿ ಸ್ಕೂಲಿನ ಕಾಂಪೌಂಡ್ ಗೋಡೆ ಮೇಲೆಲ್ಲ ಇರತ್ತೆ, ನಾವೆಲ್ಲ ಭಾಷಣ ಸ್ಪರ್ಧೆಲಿ ಬಾಯಿಪಾಠ ಹೊಡೆದಿದ್ದೇ. ಬರೆದವ್ರ ಮನಸ್ಸು ಒಳ್ಳೇದೇ. ಆದ್ರೆ ಒಂದ್ಸಲ ನಿಧಾನಕ್ಕೆ ಯೋಚಿಸಿ, ಗಂಡು ಕಲಿತ್ರೆ ಏನು ತೆರೆಯತ್ತೆ ಅಂತ ಯಾರೂ ಕೇಳಲ್ಲ, ಅವನು ಕಲೀಬೇಕು ಅನ್ನೋದಕ್ಕೆ ಕಾರಣನೇ ಬೇಕಾಗಿಲ್ಲ. ಹೆಣ್ಣು ಕಲಿತ್ರೆ ಮಕ್ಳಿಗೆ ಹೋಂವರ್ಕ್ ಮಾಡಿಸ್ತಾಳೆ, ಮನೆ ಆರೋಗ್ಯ ನೋಡ್ಕೋತಾಳೆ, ಔಷಧಿ ಚೀಟಿ ಓದ್ತಾಳೆ, ಜನಸಂಖ್ಯೆ ಕಮ್ಮಿ ಆಗತ್ತೆ, ದೇಶದ ಜಿಡಿಪಿ ಏರತ್ತೆ. ಪಟ್ಟಿ ಉದ್ದ ಇದೆ, ಅದ್ರಲ್ಲಿ ಅವಳೇ ಇಲ್ಲ. ನಾಳೆ ಮದ್ವೆ ಆಗ್ದೆ, ಮಕ್ಳು ಬೇಡ ಅಂದ್ಕೊಂಡು, ಸುಮ್ನೆ ಖಗೋಳ ವಿಜ್ಞಾನ ಇಷ್ಟ ಅಂತ ಓದ್ತೀನಿ ಅಂತ ಒಬ್ಳು ಹೊರಟ್ರೆ ಆ ಗೋಡೆಬರಹ ಅವಳ ಸಹಾಯಕ್ಕೆ ಬರಲ್ಲ.

ಪ್ರಶ್ನೆ: ಹುಡ್ಗೀರು ಸ್ಕೂಲು ಬಿಡೋದು ನಿಜವಾಗ್ಲೂ ಯಾವ ಹಂತದಲ್ಲಿ? ಬಡತನ ತಾನೇ ಕಾರಣ?

ಬಡತನ ಇದೆ, ಆದ್ರೆ ಬಡತನ ಇರೋ ಅದೇ ಮನೇಲಿ ಅಣ್ಣ ಓದ್ತಿರ್ತಾನೆ, ತಂಗಿ ಬಿಟ್ಟಿರ್ತಾಳೆ. ಅದನ್ನೂ ಬಡತನ ಅಂದ್ಬಿಟ್ರೆ ಹೇಗೆ?

ಹೆಚ್ಚಾಗಿ ಕಷ್ಟ ಶುರುವಾಗೋದು ಊರಿನ ಸ್ಕೂಲು ಮುಗಿದಾಗ. ಏಳನೇ ಕ್ಲಾಸು, ಎಂಟನೇ ಕ್ಲಾಸು ತನಕ ಊರಲ್ಲೇ ಇರತ್ತೆ, ಹೈಸ್ಕೂಲಿಗೆ ಪಕ್ಕದೂರು, ಪಿಯುಸಿಗೆ ಹೋಬಳಿ ಇಲ್ಲಾ ತಾಲ್ಲೂಕು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಹುಡುಗಿ ದೊಡ್ಡೋಳಾಗಿರ್ತಾಳೆ, ಆರತಿ ಆಗಿರತ್ತೆ, ನೆಂಟರೆಲ್ಲ ಬಂದು ನೋಡ್ಕೊಂಡು ಹೋಗಿರ್ತಾರೆ, ಅಲ್ಲಿಂದ ಅವಳು ನಡೆಯೋ ದಾರಿ ಎಲ್ಲರ ಕಣ್ಣಿಗೂ ಬೀಳೋಕೆ ಶುರು. ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, ಅದೂ 14 ವರ್ಷಕ್ಕೆ ಕೈ ಬಿಡತ್ತೆ. ಕಾನೂನು ಬಿಡೋದೂ, ಊರಿನ ಕಣ್ಣು ಬೀಳೋದೂ ಒಂದೇ ಟೈಮಲ್ಲಿ!

ಇದರ ಮೇಲೆ ಸ್ಕೂಲಲ್ಲಿ ಟಾಯ್ಲೆಟ್ ಇದ್ರೂ ನೀರಿಲ್ಲ, ನೀರಿದ್ರೂ ಚಿಲಕ ಇಲ್ಲ, ಪ್ಯಾಡ್ ಬಿಸಾಕೋಕೆ ಜಾಗ ಇಲ್ಲ, ತಿಂಗಳಿಗೆ ಮೂರ್ನಾಲ್ಕು ದಿನ ರಜ. ಅಮ್ಮ ಕೂಲಿಗೆ ಹೋದ್ರೆ ತಮ್ಮನ್ನ ನೋಡ್ಕೊಳ್ಳೋದು ಅಕ್ಕನೇ. 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಕೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88. ಈ ಲೆಕ್ಕ ತಗೊಳ್ಳೋದು ಆರು ವರ್ಷದಿಂದ ಮೇಲಿನ ಎಲ್ಲರದ್ದೂ, ಅಂದ್ರೆ ಸ್ಕೂಲಿಗೆ ಹೋಗೋ ಹುಡ್ಗೀರೂ ಇದ್ರೊಳಗೇ ಇದಾರೆ.

ಕೊನೆಗೆ ಬರೋದು "ಒಳ್ಳೆ ಸಂಬಂಧ ಬಂದಿದೆ". ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಲಿ ಕರ್ನಾಟಕದ 20ರಿಂದ 24 ವರ್ಷದ ಹೆಣ್ಮಕ್ಳಲ್ಲಿ ಶೇ. 21.3 ಜನಕ್ಕೆ 18 ತುಂಬೋ ಮೊದ್ಲೇ ಮದ್ವೆ ಆಗಿತ್ತು, ಐದರಲ್ಲಿ ಒಬ್ಳು. ನಮ್ಮ ರಾಜ್ಯ 2016ರಲ್ಲೇ ತಿದ್ದುಪಡಿ ತಂದು ಬಾಲ್ಯವಿವಾಹ ಮೊದಲಿಂದ್ಲೇ ಅಸಿಂಧು ಅಂತ ಮಾಡಿದೆ, ಒಳ್ಳೆ ಕಾನೂನು, ಆದ್ರೆ ಮದ್ವೆ ಆಗೋದು ಬೇರೆ ಊರಲ್ಲಿ, ಬೆಳಗಿನ ಜಾವ, ಮನೆ ಮಟ್ಟಿಗೆ, ಫೋಟೋನೂ ಇಲ್ದೆ.

ಪ್ರಶ್ನೆ: ಸೈಕಲ್ ಕೊಟ್ರೆ, ಬಸ್ ಫ್ರೀ ಮಾಡಿದ್ರೆ ಇದೆಲ್ಲ ಸರಿ ಹೋಗತ್ತಾ?

ನಗ್ಬೇಡಿ, ಸೈಕಲ್ ನಿಜವಾಗ್ಲೂ ಕೆಲಸ ಮಾಡಿದೆ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ಕ್ಲಾಸಿನ ಹುಡ್ಗೀರಿಗೆ ಸೈಕಲ್ ಕೊಡೋ ಯೋಜನೆ ಬಂತು. ಕಾರ್ತಿಕ್ ಮುರಳೀಧರನ್, ನಿಶೀತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರು ಅದನ್ನ ಅಧ್ಯಯನ ಮಾಡಿದ್ರು, ಹೈಸ್ಕೂಲು ಸೇರೋ ಹುಡ್ಗೀರು ಶೇ. 32ರಷ್ಟು ಹೆಚ್ಚಾದ್ರು, ಹುಡುಗ ಹುಡ್ಗೀರ ಅಂತರ ಶೇ. 40ರಷ್ಟು ಕಮ್ಮಿ ಆಯ್ತು. ಹೈಸ್ಕೂಲು ದೂರ ಇದ್ದ ಊರುಗಳಲ್ಲೇ ಜಾಸ್ತಿ ಪರಿಣಾಮ. ನಮ್ಮಲ್ಲೂ 2006-07ರಿಂದ ಎಂಟನೇ ಕ್ಲಾಸಿಗೆ ಸೈಕಲ್ ಬಂತು, 2023ರ ಜೂನಿಂದ ಶಕ್ತಿ ಯೋಜನೆ ಇದೆ. ಕಾಲೇಜು ಹುಡ್ಗೀಗೆ ಬಸ್ ಚಾರ್ಜಿಗೆ ಅಂತ ದಿನಾ ಅಪ್ಪನ ಮುಂದೆ ಕೈ ಚಾಚೋದು ತಪ್ಪಿದ್ರೆ, ಅದು ದುಡ್ಡಿನ ವಿಷಯ ಅಷ್ಟೇ ಅಲ್ಲ, ಒಂದು ಪರ್ಮಿಷನ್ ಕಮ್ಮಿ ಆದ ಹಾಗೆ. ಬಸ್ಸಲ್ಲಿ ಸೀಟಿಲ್ಲ ಅಂತ ಬೈಯೋರು ಬೈತಾನೇ ಇರ್ತಾರೆ, ಬಸ್ ಜಾಸ್ತಿ ಬಿಡಿ ಅಂತ ಕೇಳ್ಬೇಕೇ ಹೊರತು ಹುಡ್ಗೀರನ್ನ ಇಳಿಸಿ ಅಂತಲ್ಲ.

ಪ್ರಶ್ನೆ: ಪಠ್ಯಪುಸ್ತಕದಲ್ಲಿ ಅಮ್ಮ ಅಡುಗೆ ಮಾಡೋ ಚಿತ್ರ ಇದ್ರೆ ಮಕ್ಳು ಕೆಟ್ಟುಹೋಗ್ತಾರಾ?

ಒಂದು ಚಿತ್ರದಿಂದ ಯಾರೂ ಕೆಡಲ್ಲ. ಒಂದನೇ ಕ್ಲಾಸಿಂದ ಹತ್ತನೇ ಕ್ಲಾಸು ತನಕ ಅಮ್ಮ ಯಾವಾಗ್ಲೂ ಅಡುಗೆಮನೆಲಿ, ಅಪ್ಪ ಯಾವಾಗ್ಲೂ ಪೇಪರ್ ಹಿಡ್ಕೊಂಡು, ವಿಜ್ಞಾನಿ ಅಂದ್ರೆ ಗಂಡು, ನರ್ಸ್ ಅಂದ್ರೆ ಹೆಣ್ಣು ಅಂತ ನೋಡ್ತಾ ಬೆಳೆದ್ರೆ ಅದು ಯಾರೂ ಪರೀಕ್ಷೆ ಮಾಡದೇ ಇರೋ, ಆದ್ರೆ ಎಲ್ಲರೂ ಪಾಸಾಗೋ ಒಂದು ಸಬ್ಜೆಕ್ಟ್ ಆಗ್ಬಿಡತ್ತೆ. ಕೇರಳದವ್ರು 2024ರಲ್ಲಿ ಮೂರನೇ ಕ್ಲಾಸಿನ ಪುಸ್ತಕದಲ್ಲಿ ಅಪ್ಪ ಕೂತ್ಕೊಂಡು ತೆಂಗಿನಕಾಯಿ ತುರೀತಿರೋ ಚಿತ್ರ ಹಾಕಿದ್ರು, ಸುದ್ದಿ ಆಯ್ತು. ಕಾಯಿ ತುರಿಯೋದು ಸುದ್ದಿ ಆಗತ್ತೆ ಅಂದ್ರೆ ಲೆಕ್ಕ ಹಾಕಿ. ನಮ್ಮ ಕಡೆ ಮದ್ವೆಮನೆ ಅಡುಗೆ ಭಟ್ರೆಲ್ಲ ಗಂಡಸರೇ, ಸಂಬಳ ಇರೋ ಅಡುಗೆ ಗಂಡಸರಿಗೆ ಬರತ್ತೆ, ಮನೆಗೆ ಬಂದ್ರೆ ಮರ್ತುಹೋಗತ್ತೆ.

ಪ್ರಶ್ನೆ: ಸೈನ್ಸು, ಎಂಜಿನಿಯರಿಂಗ್ ಹುಡ್ಗೀರಿಗೆ ಇಷ್ಟ ಇಲ್ದೆ ತಗೊಳ್ಳಲ್ಲ, ಅದಕ್ಕೂ ಸಮಾಜನೇ ಕಾರಣನಾ?

1933ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಕಮಲಾ ಭಾಗ್ವತ್ ಅನ್ನೋ ಹುಡುಗಿ ಅರ್ಜಿ ಹಾಕಿದ್ರು, ಮುಂದೆ ಕಮಲಾ ಸೊಹೋನಿ ಅಂತ ಹೆಸರಾದವ್ರು. ಬಾಂಬೆ ಯೂನಿವರ್ಸಿಟಿಲಿ ಒಳ್ಳೆ ರ‍್ಯಾಂಕು. ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್, ನೊಬೆಲ್ ಬಂದು ಮೂರು ವರ್ಷ ಆಗಿತ್ತು, ಹುಡುಗಿ ಅನ್ನೋ ಒಂದೇ ಕಾರಣಕ್ಕೆ ಬೇಡ ಅಂದ್ರು. ಆಕೆ ಜಗ್ಗಲಿಲ್ಲ. ಕೊನೆಗೆ ಒಂದು ವರ್ಷ ಪ್ರೊಬೇಷನ್, ಬೇರೆ ಸಂಶೋಧಕರ ಗಮನ ಕೆಡಿಸ್ಬಾರ್ದು ಅಂತೆಲ್ಲ ಷರತ್ತು ಹಾಕಿ ಸೇರಿಸ್ಕೊಂಡ್ರು. ಕೆಲಸ ನೋಡಿದ್ಮೇಲೆ ರಾಮನ್ ಮನಸ್ಸು ಬದಲಾಯ್ತು, ಹುಡ್ಗೀರಿಗೂ ಪ್ರವೇಶ ಸಿಕ್ತು. ಕಮಲಾ 1939ರಲ್ಲಿ ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ಮಾಡಿದ್ರು. ಈ ಕಥೆನ "ನೋಡಿ, ಸಾಧಿಸಿ ತೋರ್ಸಿದ್ರು" ಅಂತ ಸ್ಫೂರ್ತಿಗೆ ಹೇಳ್ತಾರೆ. ನನಗೆ ಮಾತ್ರ ಅವ್ರ ಥರ ಜಗಳ ಆಡೋಕೆ ಆಗದೇ ವಾಪಸ್ ಹೋದೋರೇ ನೆನಪಾಗ್ತಾರೆ, ಅವ್ರ ಹೆಸರು ಯಾವ ರಿಜಿಸ್ಟರಲ್ಲೂ ಇಲ್ಲ.

ಇವತ್ತು ಬೇಡ ಅಂತ ಯಾರೂ ಬಾಯಿಬಿಟ್ಟು ಹೇಳಲ್ಲ. ಕೋಚಿಂಗಿಗೆ ಲಕ್ಷಗಟ್ಲೆ ಕಟ್ಟೋದು ಮಗನಿಗೆ, ಮಗಳಿಗೆ "ಬಿಎಸ್‌ಸಿ ಬಿಎಡ್ ಮಾಡಮ್ಮ, ಟೀಚರ್ ಕೆಲಸ ಆದ್ರೆ ಮನೇನೂ ನೋಡ್ಕೋಬೋದು". ಐಐಟಿಗಳಲ್ಲಿ ಹುಡ್ಗೀರು ತೀರಾ ಕಮ್ಮಿ ಇದ್ದಿದ್ದಕ್ಕೆ 2018ರಿಂದ ಹೆಚ್ಚುವರಿ ಸೀಟು ಸೃಷ್ಟಿ ಮಾಡಿ ಹಂತ ಹಂತವಾಗಿ ಶೇ. 20ಕ್ಕೆ ತರೋ ವ್ಯವಸ್ಥೆ ಮಾಡಿದ್ರು. ಹುಡುಗರ ಒಂದು ಸೀಟೂ ಕಮ್ಮಿ ಆಗ್ಲಿಲ್ಲ, ಆದ್ರೂ ಮೆರಿಟ್ ಹೋಯ್ತು ಅಂತ ಗಲಾಟೆ. ಮಗನಿಗೆ ಕೋಚಿಂಗ್ ಕೊಡ್ಸಿದ್ದೂ ಮೆರಿಟ್ಟೇನಾ ಅಂತ ಯಾರಾದ್ರೂ ಕೇಳ್ಬೇಕಿತ್ತು.

ಪ್ರಶ್ನೆ: ಲೇಡೀಸ್ ಹಾಸ್ಟೆಲಿಗೆ ಟೈಮಿಂಗ್ಸ್ ಇರೋದು ಸೇಫ್ಟಿಗೆ ಅಲ್ವಾ?

ಸೇಫ್ಟಿ ಬೇಕು. ಆದ್ರೆ ಕಾಟ ಕೊಡೋರು ಹೊರಗಡೆ, ಬೀಗ ಒಳಗಿರೋರಿಗೆ. ಲೈಬ್ರರಿ ರಾತ್ರಿ ತನಕ ತೆಗೆದಿರತ್ತೆ, ಬಾಯ್ಸ್ ಹಾಸ್ಟೆಲಿನವ್ರು ಓದ್ತಿರ್ತಾರೆ, ಹುಡ್ಗೀರು ಸಂಜೆನೇ ವಾರ್ಡನ್ ಮುಂದೆ ಸೈನ್ ಹಾಕಿ ಒಳಗೆ. ಫೀಸು ಇಬ್ರದ್ದೂ ಒಂದೇ. 2015ರಲ್ಲಿ ದೆಹಲಿಲಿ ಪಿಂಜ್ರಾ ತೋಡ್, ಅಂದ್ರೆ ಪಂಜರ ಮುರೀರಿ, ಅಂತ ಹುಡ್ಗೀರು ಬೀದಿಗಿಳಿದಿದ್ದು ಇದಕ್ಕೇ. ಕಾಲೇಜಲ್ಲಿ ಸೇಫ್ಟಿ ಬೇಕು ಅಂದ್ರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಇರ್ಬೇಕಾದ ಆಂತರಿಕ ದೂರು ಸಮಿತಿ ಇದ್ಯಾ, ಅದ್ರ ಸದಸ್ಯರ ಹೆಸರು ನೋಟಿಸ್ ಬೋರ್ಡಲ್ಲಿ ಇದ್ಯಾ ಅಂತ ಮೊದ್ಲು ನೋಡಿ.

ಪ್ರಶ್ನೆ: ಹಿಜಾಬ್ ವಿಷಯದಲ್ಲಿ ಸ್ತ್ರೀವಾದಿಗಳು ಯಾವ ಕಡೆ?

ಎರಡೂ ಕಡೆ ಇದ್ರು, ಸುಳ್ಳು ಹೇಳಿ ಏನು ಪ್ರಯೋಜನ. ಮುಖ, ತಲೆ ಮುಚ್ಕೋಬೇಕು ಅನ್ನೋದೇ ಹೆಣ್ಣಿನ ಮೇಲಿನ ಹಿಡಿತ ಅಂತ ವಾದ ಮಾಡೋರಿದಾರೆ, ಅದರಲ್ಲಿ ಹುರುಳಿದೆ. ಆದ್ರೆ ಕ್ಲಾಸಲ್ಲಿ ಹಿಜಾಬ್ ಬೇಡ ಅನ್ನೋದು ಉಡುಪಿಲಿ ಶುರುವಾಗಿ, 2022ರ ಫೆಬ್ರವರಿ 5ರ ಸಮವಸ್ತ್ರದ ಸರ್ಕಾರಿ ಆದೇಶ ಬಂದು, ಮಾರ್ಚ್ 15ಕ್ಕೆ ಹೈಕೋರ್ಟ್ ಅದನ್ನ ಎತ್ತಿಹಿಡಿದಾಗ ಗೇಟಿನ ಹೊರಗೆ ನಿಂತಿದ್ದು ಯಾರು? ಪರೀಕ್ಷೆ ಹತ್ರ ಬಂದಿದ್ದ ಹುಡ್ಗೀರು. ಅದೇ ವರ್ಷ ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಲ್ಲಿ ಇಬ್ರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ರು, ನ್ಯಾ. ಸುಧಾಂಶು ಧುಲಿಯಾ ಅವ್ರು ಹುಡ್ಗೀರ ಓದಿನ ಪ್ರಶ್ನೆನೇ ಮುಖ್ಯ ಅಂದ್ರು, ವಿಷಯ ದೊಡ್ಡ ಪೀಠಕ್ಕೆ ಹೋಯ್ತು. ನನ್ನ ನಿಲುವು ಏನಂದ್ರೆ, ಹಾಕ್ಕೋ ಅಂತ ಮನೆಯವ್ರು ಬಲವಂತ ಮಾಡಿದ್ರೂ, ತೆಗಿ ಅಂತ ಸರ್ಕಾರ ಬಲವಂತ ಮಾಡಿದ್ರೂ, ಕ್ಲಾಸು ತಪ್ಪಿಸ್ಕೊಳ್ಳೋದು ಹುಡುಗಿ ಒಬ್ಳೇ ಆದ್ರೆ ಅದನ್ನ ವಿಮೋಚನೆ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ.

ಪ್ರಶ್ನೆ: ಹುಡುಗರು ಫೇಲಾಗ್ತಿದಾರಲ್ಲ, ಅವ್ರ ಬಗ್ಗೆ ಯಾರೂ ಮಾತಾಡಲ್ಲ?

ಮಾತಾಡ್ಬೇಕು, ಸ್ತ್ರೀವಾದಿಗಳೂ ಮಾತಾಡ್ತಾರೆ. ಹುಡುಗ ಅಂದ್ರೆ ಓದಿನಲ್ಲಿ ಮುಳುಗಿರ್ಬಾರ್ದು, ಮೇಷ್ಟ್ರಿಗೆ ಎದುರು ಮಾತಾಡ್ಬೇಕು, ಅಳ್ಬಾರ್ದು, 16ಕ್ಕೆಲ್ಲ ದುಡ್ಡು ತರ್ಬೇಕು ಅನ್ನೋದೂ ಇದೇ ವ್ಯವಸ್ಥೆ ಕಲಿಸಿದ್ದೇ. ಎಷ್ಟೋ ಹುಡುಗರು ಒಂಬತ್ತನೇ ಕ್ಲಾಸಿಗೆ ಗಾರೆ ಕೆಲಸಕ್ಕೋ ಗ್ಯಾರೇಜಿಗೋ ಹೋಗ್ತಾರೆ. ಒಂದು ವ್ಯತ್ಯಾಸ ಇದೆ ಅಷ್ಟೇ, ಫೇಲಾದ ಹುಡುಗನಿಗೆ ಮನೇಲಿ "ಇನ್ನೊಂದ್ಸಲ ಕಟ್ಟು" ಅಂತಾರೆ, ಫೇಲಾದ ಹುಡುಗಿಗೆ ಗಂಡು ನೋಡ್ತಾರೆ.

ಪ್ರಶ್ನೆ: ಟ್ರಾನ್ಸ್‌ಜೆಂಡರ್ ಮಕ್ಳ ಕಥೆ?

ಅವ್ರಿಗೆ ಪರ್ಮಿಷನ್ ಕೇಳೋಕೂ ಮನೆ ಇರಲ್ಲ ಎಷ್ಟೋ ಸಲ. ನಡಿಗೆ ಆಡ್ಕೊಂಡು ನಗೋದು, ಯಾವ ಟಾಯ್ಲೆಟಿಗೆ ಹೋಗ್ಬೇಕು ಅನ್ನೋ ಭಯ, ಹೀಗೆ ಹೈಸ್ಕೂಲಲ್ಲೇ ಓದು ನಿಂತುಹೋಗತ್ತೆ. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಅವ್ರ ಗುರುತನ್ನ ಒಪ್ಕೊಂಡಿತು, ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಲಿ ಶೇ. 1 ಮೀಸಲಾತಿ ಕೊಟ್ಟಿತು, ಆ ಥರ ಕೊಟ್ಟ ಮೊದಲ ರಾಜ್ಯ. ಆದ್ರೆ ನೌಕರಿ ಅರ್ಜಿಗೆ ಮಾರ್ಕ್ಸ್ ಕಾರ್ಡ್ ಬೇಕು, ಹತ್ತನೇ ಕ್ಲಾಸೇ ಮುಗಿಸೋಕೆ ಬಿಡ್ದೇ ಇದ್ದೋರು ಅದನ್ನ ಎಲ್ಲಿಂದ ತರ್ಬೇಕು?

ಪ್ರಶ್ನೆ: ಓದಿದ ಹೆಣ್ಮಕ್ಳಿಗೆ ಅಹಂಕಾರ ಬಂದು ಸಂಸಾರ ಹಾಳಾಗತ್ತೆ ಅಂತಾರೆ, ನಿಜನಾ?

ಓದಿಲ್ದೇ ಇದ್ದಾಗ ಎಲ್ಲಾ ಸಂಸಾರ ಚೆನ್ನಾಗಿತ್ತು ಅಂತ ಯಾವ ಅಜ್ಜಿನಾದ್ರೂ ಒಬ್ಬರನ್ನೇ ಕೂರಿಸ್ಕೊಂಡು ಕೇಳಿ ನೋಡಿ. ನಿಜವಾದ ವಿಚಿತ್ರ ಬೇರೆ ಇದೆ. ಮಗಳು ಎಂಟೆಕ್ ಮಾಡಿದ್ರೆ ಅವಳಿಗಿಂತ ಜಾಸ್ತಿ ಓದಿದ, ಜಾಸ್ತಿ ಸಂಬಳದ ಗಂಡೇ ಬೇಕು ಅಂತಾರೆ, ಅಂಥ ಗಂಡಿಗೆ ರೇಟು ಜಾಸ್ತಿ. ವರದಕ್ಷಿಣೆ ನಿಷೇಧ ಆಗಿದ್ದು 1961ರಲ್ಲಿ. ಅಂದ್ರೆ ಓದ್ಸೋಕೂ ದುಡ್ಡು, ಓದ್ಸಿದ ತಪ್ಪಿಗೆ ಇನ್ನೊಂದಿಷ್ಟು ದುಡ್ಡು. ಅಪ್ಪಂದಿರು ಡಿಗ್ರಿಗೇ ನಿಲ್ಸೋದಕ್ಕೆ ಇದೂ ಒಂದು ಕಾರಣ, ಯಾರೂ ಬಾಯಿಬಿಟ್ಟು ಹೇಳಲ್ಲ.

ಪ್ರಶ್ನೆ: ಇಷ್ಟೆಲ್ಲ ಹೇಳಿದ್ರಿ, ಸರಿಯಾಗಿ ನಡೆದ ಒಂದಾದ್ರೂ ಪ್ರಯತ್ನ ಇದ್ಯಾ?

ಇದೆ, ಮಹಿಳಾ ಸಮಾಖ್ಯಾ. 1986ರ ಶಿಕ್ಷಣ ನೀತಿಲಿ ಹೆಣ್ಣಿನ ಸಮಾನತೆಗೆ ಶಿಕ್ಷಣ ಅಂತ ಬರೆದಿದ್ರಲ್ಲ, ಅದ್ರಿಂದ ಹುಟ್ಟಿದ ಕಾರ್ಯಕ್ರಮ, ಮೊದ್ಲು ಶುರುವಾದ ಮೂರು ರಾಜ್ಯದಲ್ಲಿ ಕರ್ನಾಟಕನೂ ಒಂದು. ಇದ್ರ ವಿಶೇಷ ಏನಂದ್ರೆ, ಬಂದ ತಕ್ಷಣ ಅ ಆ ಇ ಈ ಬರೆಸ್ಲಿಲ್ಲ. ಊರಲ್ಲಿ ಬಡ, ದಲಿತ ಹೆಂಗಸರ ಸಂಘ ಕಟ್ಟಿ, ಸಹಯೋಗಿನಿ ಅನ್ನೋ ಕಾರ್ಯಕರ್ತೆಯರು ಬಂದು ಕೂತು, ನಿಮಗೆ ಏನು ಬೇಕು ಅಂತ ಕೇಳಿದ್ರು. ಅವ್ರು ನೀರು ಬೇಕು ಅಂದ್ರು, ಕೂಲಿ ಸರಿಯಾಗಿ ಬೇಕು ಅಂದ್ರು, ಕುಡಿದು ಹೊಡಿಯೋ ಗಂಡನ್ನ ಏನು ಮಾಡೋದು ಅಂದ್ರು. ಅರ್ಜಿ ಬರೀಬೇಕು, ಪಂಚಾಯ್ತಿಲಿ ಹೆಬ್ಬೆಟ್ಟು ಒತ್ತಿಸ್ಕೊಂಡು ಮೋಸ ಮಾಡ್ತಿದಾರೆ ಅಂತ ಗೊತ್ತಾದ್ಮೇಲೆ, ನಮಗೆ ಓದೋದು ಕಲಿಸಿ ಅಂತ ಅವ್ರೇ ಕೇಳಿದ್ರು. ಇಡೀ ಯೋಜನೆಲಿ ನನಗೆ ಇಷ್ಟ ಆಗೋದು ಈ ಕ್ರಮ, ಮೊದ್ಲು ಪ್ರಶ್ನೆ, ಆಮೇಲೆ ಅಕ್ಷರ. ಕಳೆದ ದಶಕದಲ್ಲಿ ಕೇಂದ್ರ ಇದನ್ನ ನಿಲ್ಲಿಸಿ ಸ್ವಸಹಾಯ ಸಂಘದ ಸಾಲದ ಯೋಜನೆ ಕಡೆ ತಿರುಗ್ತು. ಸಾಲ ಕೊಡೋದು ಸುಲಭ, ಲೆಕ್ಕ ಸಿಗತ್ತೆ. ಪ್ರಶ್ನೆ ಕೇಳೋಕೆ ಕಲ್ತವ್ರನ್ನ ಯಾವ ಕಾಲಂನಲ್ಲಿ ತುಂಬೋದು.

ಪ್ರಶ್ನೆ: ನಾನು ಸಾಮಾನ್ಯ ಅಪ್ಪ ಅಥವಾ ಅಮ್ಮ, ಇಲ್ಲಾ ಟೀಚರ್. ನನ್ನಿಂದ ಏನಾಗತ್ತೆ?

ದೊಡ್ಡದೇನೂ ಬೇಡ. ಮಗಳ ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಅವಳ ಹತ್ರನೇ ಇರ್ಲಿ, ಅಪ್ಪನ ಬೀರುಲಿ ಅಲ್ಲ. ಸ್ಕಾಲರ್‌ಶಿಪ್ ಅವಳ ಅಕೌಂಟಿಗೇ ಬರ್ಲಿ, ಎಟಿಎಂ ಪಿನ್ ಅವಳಿಗೆ ಮಾತ್ರ ಗೊತ್ತಿರ್ಲಿ. ಮಗನಿಗೂ ತಟ್ಟೆ ತೊಳ್ಯೋಕೆ ಹೇಳಿ, ಪರೀಕ್ಷೆ ಟೈಮಲ್ಲೂ. ಟೀಚರ್ ಆಗಿದ್ರೆ ಒಂಬತ್ತನೇ ಕ್ಲಾಸಿನ ಹುಡುಗಿ ಒಂದು ವಾರ ಬರ್ಲಿಲ್ಲ ಅಂದ್ರೆ ಮನೆಗೆ ಹೋಗಿ ವಿಚಾರಿಸಿ, ಹಾಜರಿಲಿ ಗೈರು ಅಂತ ಹಾಕಿ ಸುಮ್ನೆ ಕೂರ್ಬೇಡಿ. ಮದ್ವೆ ಮಾಡೋ ಸುದ್ದಿ ಸಿಕ್ರೆ 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ, 24 ಗಂಟೆನೂ ಇರತ್ತೆ, ದುಡ್ಡಿಲ್ಲ, ಹೆಸರು ಹೇಳ್ಲೇಬೇಕು ಅಂತಿಲ್ಲ. ಮುಹೂರ್ತಕ್ಕೆ ಮುಂಚೆ ಮಾಡಿ, ಊಟ ಆದ್ಮೇಲೆ ಮಾಡಿದ್ರೆ ಕೆಲಸ ಕಷ್ಟ.